ಬಣ್ಣ ಬಳಿದರೂ ಉಬ್ಬುವ ಗೋಡೆ

ಪ್ರಶ್ನೆ: ವರ್ಷವರ್ಷವೂ ಬಣ್ಣ ಹೊಡೆಸಿದರೂ ಒಳಗೋಡೆ ಉಬ್ಬಿ ಉದುರುವುದೇಕೆ?

ಉತ್ತರ: ಬಣ್ಣದ ಡಬ್ಬಿ ಆಮೇಲೆ, ಮೊದಲು ನೀರಿನ ದಾರಿ ಹುಡುಕಬೇಕು. ಗೋಡೆಯನ್ನು ಒರೆಸಿ ಒಣಗಿಸಿ, ಚಪಾತಿ ಸುತ್ತುವ ಅಲ್ಯೂಮಿನಿಯಂ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಅದರ ಮೇಲೆ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಹೊರಮೈಯಲ್ಲಿ ಹನಿಗಳಿದ್ದರೆ ಅದು ಕೋಣೆಯ ಗಾಳಿಯ ತೇವ. ಕಿಟಕಿ ತೆರೆದಿಟ್ಟರೆ, ಅಡುಗೆಮನೆಯ ಹಬೆ ಹೊರಹೋದರೆ ಅರ್ಧ ರೋಗ ವಾಸಿ. ಹಾಳೆಯ ಹಿಂಬದಿ ಒದ್ದೆಯಾಗಿದ್ದರೆ ನೀರು ಗೋಡೆಯೊಳಗೇ ಇದೆ.

ಕಲೆ ಎಲ್ಲಿದೆ ಎಂಬುದೂ ಮಾತನಾಡುತ್ತದೆ. ಸೂರಿನ ಬಳಿಯಿದ್ದರೆ ತಾರಸಿಯನ್ನೋ ಪೈಪನ್ನೋ ನೋಡಿ. ಬುಡದಿಂದ ಸೊಂಟದೆತ್ತರಕ್ಕೆ ಏರಿ, ಬೆರಳಿಗೆ ಬಿಳಿ ಪುಡಿ ಅಂಟಿದರೆ ಅದು ನೆಲದ ನೀರು ಹೊತ್ತು ತಂದ ಉಪ್ಪು. ವರ್ಷಕ್ಕೆ 3,500 ಮಿಲಿಮೀಟರಿನಷ್ಟು ಮಳೆ ಸುರಿಯುವ ಮಂಗಳೂರಿನ ಕಡೆ, ರಂಧ್ರಗಳೇ ತುಂಬಿದ ಮುರಕಲ್ಲಿನ ಹಳೆಯ ಮನೆಗಳಲ್ಲಿ ಇದು ಸಾಮಾನ್ಯ.

ಅಂಥ ಗೋಡೆಗೆ ಪ್ಲಾಸ್ಟಿಕ್ ಬಣ್ಣ ಬಳಿಯಲೇಬೇಡಿ. ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ಹೊರಗೆ ಗೋಡೆಗೆ ಒರಗಿದ ಮಣ್ಣು ತೆಗೆದು, ನೀರು ಹರಿದುಹೋಗುವಂತೆ ಮಾಡಿ. ಕಲೆಗಿಂತ ಒಂದಡಿ ಮೇಲಿನವರೆಗೆ ಗಾರೆ ಕೆತ್ತಿಸಿ, ಉಪ್ಪನ್ನು ಒಣ ಬ್ರಷ್ಷಿನಿಂದಲೇ ಉಜ್ಜಿ. ಗೋಡೆಯ ಒಂದಂಗುಲ ದಪ್ಪ ಒಣಗಲು ಸುಮಾರು ಒಂದು ತಿಂಗಳು ಬೇಕು. ಆದ್ದರಿಂದ ಮಳೆ ನಿಂತ ಕೂಡಲೇ ಕೆಲಸ ಶುರುಮಾಡಿ. ಬೇಸಿಗೆಯಲ್ಲಿ ಸುಣ್ಣದ ಗಾರೆ, ಮೇಲೆ ಸುಣ್ಣ.