ಪಾದದಡಿಯ ರಬ್ಬರ್

ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿದರೆ ಗೋವಾದ ಕೇರಿ ಊರು. ಅಲ್ಲಿಂದ ಮುಂದೆ ವಾಳವಂಟಿ ನದಿಯ ದಂಡೆಯ ಸಾಂಖಳಿ. ಸುಮಾರು 800 ಮೀಟರ್ ಎತ್ತರದ ಘಟ್ಟದ ತಲೆಯಿಂದ ಸಮುದ್ರಮಟ್ಟದ ಹತ್ತಿರಕ್ಕೆ ಬರುವ ಈ ದಾರಿಯುದ್ದಕ್ಕೂ ಬ್ರೇಕು, ಕ್ಲಚ್ಚುಗಳಿಗೆ ಬಿಡುವಿಲ್ಲ. ಗೋವಾದಲ್ಲಿ ವರ್ಷಕ್ಕೆ ಸರಾಸರಿ ಸುಮಾರು 3000 ಮಿಲಿಮೀಟರ್ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ. ಸಾಂಖಳಿಯ ಪೇಟೆಯಲ್ಲಿ ಇಳಿದು ಮತ್ತೆ ಕಾರು ಹತ್ತುವವರ ಚಪ್ಪಲಿಗೆ ಕೆಮ್ಮಣ್ಣಿನ ನುಣುಪಾದ ಕೆಸರು ಮೆತ್ತಿಕೊಂಡಿರುತ್ತದೆ. ಮಳೆಗಾಲಕ್ಕೆ ಮುಂಚೆ ಟಯರ್ ನೋಡಿಸುತ್ತೇವೆ, ವೈಪರ್ ಬದಲಿಸುತ್ತೇವೆ. ಆ ಕೆಸರುಪಾದ ಊರುವ ಪೆಡಲ್ ರಬ್ಬರನ್ನು ಬಗ್ಗಿ ನೋಡುವವರು ಕಡಿಮೆ. ಹಳೆಯ ಕಾರಿದ್ದವರು ಅದನ್ನು ಮೊದಲು ನೋಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಪೆಡಲ್ ಒಂದು ಸನ್ನೆಕೋಲು. ಹೆಚ್ಚಿನ ಕಾರುಗಳಲ್ಲಿ ಅದು ಡ್ಯಾಶ್‌ಬೋರ್ಡಿನ ಅಡಿಯಿಂದ ಇಳಿಬಿದ್ದಿರುತ್ತದೆ; ಒತ್ತಿದಾಗ ಮೇಲಿನ ತಿರುಗಣಿಯ ಸುತ್ತ ಕಮಾನಿನಂತೆ ಚಲಿಸುತ್ತದೆ. ನಮ್ಮ ಪಾದವಾದರೋ ಹಿಮ್ಮಡಿಯನ್ನು ನೆಲಕ್ಕೂರಿ, ಅದರ ಸುತ್ತ ಬೇರೊಂದು ಕಮಾನಿನಲ್ಲಿ ಬಾಗುತ್ತದೆ. ಈ ಎರಡು ಕಮಾನುಗಳು ಒಂದರ ಮೇಲೊಂದು ಕೂರುವುದಿಲ್ಲ. ಹೀಗಾಗಿ ಪ್ರತಿ ಸಲ ಒತ್ತಿದಾಗಲೂ ಚಪ್ಪಲಿಯ ಅಟ್ಟೆ ಪೆಡಲಿನ ಮೇಲೆ ಒಂದಿಷ್ಟು ಜಾರಲು ನೋಡುತ್ತದೆ. ಅದನ್ನು ತಡೆದು ಹಿಡಿಯುವುದೇ ರಬ್ಬರಿನ ಕೆಲಸ. ಅದು ಸವೆಯುವುದೂ ಇದೇ ತಿಕ್ಕಾಟದಿಂದ.

ರಬ್ಬರ್ ಹಿಡಿಯುವ ಬಗೆ ಎರಡು. ಮೆತ್ತಗಿರುವುದರಿಂದ ಅದು ಅಟ್ಟೆಯ ಸಣ್ಣ ಉಬ್ಬುತಗ್ಗುಗಳೊಳಗೆ ಇಳಿದು ಅಣುಗಳ ಮಟ್ಟದಲ್ಲಿ ಅಂಟಿಕೊಳ್ಳುತ್ತದೆ. ಅಟ್ಟೆ ಜಾರತೊಡಗಿದರೆ ಆ ಉಬ್ಬುಗಳ ಮೇಲೆ ಅದುಮಿ, ಹಿಗ್ಗಿ, ಜಾರುವಿಕೆಯ ಶಕ್ತಿಯನ್ನು ಶಾಖವಾಗಿ ಕಳೆಯುತ್ತದೆ. ನಡುವೆ ನೀರಿನ ತೆಳುಪೊರೆ ಬಂದರೆ ಮೊದಲನೆಯ ಹಿಡಿತ ಬಹುಮಟ್ಟಿಗೆ ಹೋಯಿತು. ಪೆಡಲ್ ರಬ್ಬರಿನ ಮೇಲಿನ ಗೀರುಗಳು ಇರುವುದು ಅದಕ್ಕಾಗಿ: ಒತ್ತಿದಾಗ ನೀರು, ಕೆಸರು ಗೀರುಗಳಿಗೆ ಸರಿಯುತ್ತವೆ, ನಡುವಿನ ಏಣುಗಳು ಅಟ್ಟೆಯನ್ನು ಮುಟ್ಟುತ್ತವೆ. ಗೀರು ಸವೆದು ಸಪಾಟಾದರೆ ನೀರಿಗೆ ಹೋಗಲು ದಾರಿಯಿಲ್ಲ. ಇನ್ನೂ ಸವೆದರೆ ಅಡಿಯ ಉಕ್ಕಿನ ತಟ್ಟೆಯೇ ಕಾಣಿಸುತ್ತದೆ. ಒದ್ದೆ ಉಕ್ಕಿನ ಮೇಲೆ ಕೆಸರಿನ ಚಪ್ಪಲಿ ಎಷ್ಟು ಹಿಡಿದೀತು? ಗಂಟೆಗೆ 40 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿನಲ್ಲಿ 11 ಮೀಟರ್ ಸಾಗುತ್ತದೆ. ಜಾರಿದ ಪಾದ ಮತ್ತೆ ಬ್ರೇಕನ್ನು ಹುಡುಕಲು ಅರ್ಧ ಸೆಕೆಂಡ್ ತೆಗೆದುಕೊಂಡರೂ ಐದೂವರೆ ಮೀಟರ್ ಹೋಯಿತು. ಘಟ್ಟದ ತಿರುವಿನಲ್ಲಿ ಅಷ್ಟು ಜಾಗ ಇರುವುದಿಲ್ಲ.

ಸವೆತವೊಂದೇ ಶತ್ರುವಲ್ಲ. ಸುಳ್ಯ, ಪುತ್ತೂರಿನ ತೋಟಗಳಲ್ಲಿ ಮರದಿಂದ ಇಳಿಯುವ ರಬ್ಬರ್ ಹಾಲಿನಲ್ಲಿರುವುದು ಉದ್ದನೆಯ ಅಣುಸರಪಳಿಗಳು. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡಂತೆ ಗಂಧಕ ಬೆರೆಸಿ ಕಾಯಿಸಿದರೆ, ಏಣಿಯ ಮೆಟ್ಟಿಲುಗಳಂತೆ ಗಂಧಕವು ಸರಪಳಿಗಳ ನಡುವೆ ಅಡ್ಡಕಟ್ಟು ಹಾಕುತ್ತದೆ; ರಬ್ಬರ್ ಎಳೆದರೂ ಹಿಂದಿರುಗುವ ಗುಣ ಪಡೆಯುತ್ತದೆ. ಆದರೆ ಸರಪಳಿಗಳಲ್ಲಿ ದ್ವಿಬಂಧಗಳು ಉಳಿದಿರುತ್ತವೆ, ಗಾಳಿಯಲ್ಲಿ ತೀರ ಅಲ್ಪವಾಗಿರುವ ಓಜೋನ್ ಅವನ್ನು ಕತ್ತರಿಸುತ್ತದೆ. ಎಳೆದು ಕೂರಿಸಿದ ಜಾಗದಲ್ಲೇ ಈ ಬಿರುಕು ಮೊದಲು ಬಿಡುವುದು. ಪೆಡಲ್ ರಬ್ಬರಿನಲ್ಲಿ ಅಂಥ ಜಾಗ ಯಾವುದೆಂದರೆ ತಟ್ಟೆಯ ಹಿಂಬದಿಗೆ ಮಡಚಿಕೊಂಡ ಅಂಚು. ಆದ್ದರಿಂದ ಮೇಲ್ಮೈ ಚೆನ್ನಾಗಿದೆಯೆಂದು ನಂಬಿ ಸುಮ್ಮನಾಗುವಂತಿಲ್ಲ. ಅಂಚು ಹರಿದ ರಬ್ಬರ್ ಜೋರಾಗಿ ಒತ್ತಿದ ಗಳಿಗೆಯಲ್ಲೇ ಪಾದದ ಜತೆ ಕಳಚಿ ಬರಬಹುದು.

ಟಾರ್ಚ್ ಹಿಡಿದು ಬಗ್ಗಿ ನೋಡಿ. ಗೀರುಗಳು ಉಳಿದಿವೆಯೇ, ಉಕ್ಕು ಎಲ್ಲಾದರೂ ಹೊಳೆಯುತ್ತಿದೆಯೇ? ಬೆರಳಿನಿಂದ ಪಕ್ಕಕ್ಕೆ ತಳ್ಳಿದರೆ ರಬ್ಬರ್ ಸರಿಯುತ್ತದೆಯೇ? ಉಗುರು ಊರಿದರೆ ತಗ್ಗಬೇಕು. ಪ್ಲಾಸ್ಟಿಕ್ಕಿನಂತೆ ಗಟ್ಟಿಯಾಗಿದ್ದರೆ ಅದರ ಆಯಸ್ಸು ಮುಗಿದಿದೆ. ಬಲಗಾಲು ಆಕ್ಸಿಲರೇಟರಿನಿಂದ ಬರುವುದರಿಂದ ಬ್ರೇಕಿನ ಬಲ ಅಂಚು ಸಾಮಾನ್ಯವಾಗಿ ಬೇಗ ಸವೆಯುತ್ತದೆ. ಹಳೆಯ ಕಾರು ಕೊಳ್ಳುವವರಿಗೂ ಈ ನೋಟ ಉಪಯುಕ್ತ: ಮೀಟರ್ 30,000 ಕಿಲೋಮೀಟರ್ ಎನ್ನುತ್ತಿದ್ದು, ಕ್ಲಚ್ ರಬ್ಬರ್ ಬೋಳಾಗಿದ್ದರೆ ಮಾರುವವರನ್ನು ಇನ್ನೊಂದು ಮಾತು ಕೇಳಬೇಕು.

ಬದಲಿಸುವುದು ಮನೆಯಲ್ಲೇ ಆಗುವ ಕೆಲಸ. ಅಂಗಡಿಯಲ್ಲಿ ‘ಪೆಡಲ್ ರಬ್ಬರ್’ ಎಂದು ಕೇಳಿ, ಮಾಡೆಲ್ಲು, ವರ್ಷ ಹೇಳಿ. ಬರೀ ‘ಬ್ರೇಕ್ ಪ್ಯಾಡ್’ ಎಂದರೆ ಚಕ್ರದ ಬಳಿಯ ಬಿಲ್ಲೆಗಳನ್ನು ಕೊಟ್ಟಾರು. ಮಾರುತಿ 800 ತಯಾರಿಕೆ 2014ರಲ್ಲೇ ನಿಂತಿದ್ದರೂ ಅದರ ಬಿಡಿಭಾಗಗಳಿಗೆ ಬರವಿಲ್ಲ. ಸಮತಟ್ಟು ಜಾಗದಲ್ಲಿ ಎಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಸೀಟು ಹಿಂದೆ ಸರಿಸಿ. ಹಳೆಯ ರಬ್ಬರಿನ ಒಂದು ಮೂಲೆಯನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸಿದರೆ ಉಳಿದದ್ದು ಸುಲಿದು ಬರುತ್ತದೆ. ಕರಾವಳಿಯ ತೇವದಲ್ಲಿ ಅಡಿಯ ತಟ್ಟೆ ತುಕ್ಕು ಹಿಡಿದಿರುವುದು ಸಾಮಾನ್ಯ. ತಂತಿ ಬ್ರಷ್ಷಿನಿಂದ ಉಜ್ಜಿ, ಬಣ್ಣ ಬಳಿದು, ಪೂರ್ತಿ ಒಣಗಲು ಬಿಡಿ. ತುಕ್ಕಿನ ಚೂಪು ಹೊಸ ಅಂಚನ್ನು ಕೊಯ್ಯುತ್ತದೆ. ಹೊಸ ರಬ್ಬರನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ ಮೆತ್ತಗಾಗಿಸಿ, ಅಂಚಿಗೆ ಸಾಬೂನು ನೀರು ಸವರಿ, ಒಂದು ಬದಿ ಸಿಕ್ಕಿಸಿ ಉಳಿದದ್ದನ್ನು ಹೆಬ್ಬೆರಳಿನಿಂದ ಎಳೆದು ಕೂರಿಸಿ. ಎಣ್ಣೆ, ಗ್ರೀಸು ಬೇಡವೇ ಬೇಡ: ಜಾರಿಕೆ ಉಳಿಯುತ್ತದೆ, ನೈಸರ್ಗಿಕ ರಬ್ಬರ್ ಎಣ್ಣೆ ಹೀರಿ ಊದಿಕೊಂಡು ಸಡಿಲವಾಗುತ್ತದೆ. ಹೊಳಪಿನ ಟಯರ್ ಪಾಲಿಶ್ ಕೂಡ ಪೆಡಲಿಗೆ ತಾಗಬಾರದು. ಕೊನೆಗೆ ಹಿಂಬದಿಯಲ್ಲಿ ಬೆರಳಾಡಿಸಿ, ಅಂಚು ಸುತ್ತಲೂ ಕೂತಿದೆಯೇ ನೋಡಿ. ಸಾಬೂನು ಒರೆಸಿ ಒಣಗಿಸಿದ ಮೇಲಷ್ಟೇ ಕಾರು ತೆಗೆಯಿರಿ.

ರಬ್ಬರ್ ಸವೆದಾಗ ಸೈಕಲ್ ಟ್ಯೂಬಿನ ತುಂಡು ಸುತ್ತಿ ತಂತಿ ಬಿಗಿಯುವುದು ಅಪಾಯದ ಕೆಲಸ; ತಂತಿ ಸಡಿಲಿದ ದಿನ ಟ್ಯೂಬು ಪಾದದಡಿ ಹೊರಳುತ್ತದೆ. ಬಗ್ಗಿದ್ದಾಗ ನೆಲದ ಮ್ಯಾಟನ್ನೂ ನೋಡಿಬಿಡಿ. 2009ರಲ್ಲಿ ಟೊಯೋಟಾ ಕಂಪನಿ ಅಮೆರಿಕದಲ್ಲಿ ಸುಮಾರು 38 ಲಕ್ಷ ಕಾರುಗಳನ್ನು ಹಿಂದೆ ಕರೆಸಿಕೊಂಡದ್ದು ಸರಿದ ಮ್ಯಾಟು ಆಕ್ಸಿಲರೇಟರನ್ನು ಒತ್ತಿಹಿಡಿಯಬಹುದೆಂಬ ಕಾರಣಕ್ಕೆ. ಮಳೆಗಾಲದಲ್ಲಿ ಒದ್ದೆ ಮ್ಯಾಟಿನ ಮೇಲೆ ಇನ್ನೊಂದು ಮ್ಯಾಟು ಹಾಸುವುದು ನಮ್ಮಲ್ಲಿ ಸಾಮಾನ್ಯ. ಮೇಲಿನದನ್ನು ತೆಗೆದು, ಕೆಳಗಿನದನ್ನು ಬಿಸಿಲು ಬಿದ್ದ ದಿನ ಒಣಗಿಸಿ, ಕೊಕ್ಕೆಗೆ ಸಿಕ್ಕಿಸಿ ಹಾಸಿ.