ಕೊಟ್ಟುಬಂದ ವಸ್ತು ಕಾಡುವುದೇಕೆ?

ವಿದೇಶದಲ್ಲಿ ನೆಲಸಲು ಹೊರಟ ಸಂಸಾರಕ್ಕೆ ಮೊದಲು ಎದುರಾಗುವುದು ತೂಕದ ಸಮಸ್ಯೆ. ವಿಮಾನದ ಸಾಮಾನ್ಯ ದರ್ಜೆಯಲ್ಲಿ ಪೆಟ್ಟಿಗೆಯೊಂದಕ್ಕೆ ಹಲವು ಕಂಪೆನಿಗಳು ವಿಧಿಸಿರುವ ಮಿತಿ ೨೩ ಕಿಲೋಗ್ರಾಂ. ಹತ್ತಾರು ವರ್ಷ ಬಾಳಿದ ಮನೆಯನ್ನು ಇಂಥ ಕೆಲವೇ ಪೆಟ್ಟಿಗೆಗಳಲ್ಲಿ ಅಡಕಮಾಡಬೇಕಾದಾಗ ಅಜ್ಜಿಯ ಒರಳುಕಲ್ಲು ನೆರೆಮನೆಗೂ ಹಿತ್ತಾಳೆಯ ಪಾತ್ರೆಗಳು ಬಂಧುಗಳಿಗೂ ಹಳೆಯ ಪುಸ್ತಕಗಳು ರದ್ದಿಯವನಿಗೂ ಸಲ್ಲುತ್ತವೆ. ಆಗ ಅಷ್ಟಾಗಿ ನೋಯದ ಮನಸ್ಸು, ಪರದೇಶದಲ್ಲಿ ಕೆಲವು ತಿಂಗಳು ಕಳೆದ ಮೇಲೆ ‘ಅಯ್ಯೋ, ಕೊಟ್ಟುಬಿಟ್ಟೆವಲ್ಲ!’ ಎಂದು ಹಲುಬುವುದುಂಟು. ಇದಕ್ಕೆ ಕಾರಣವೇನೆಂಬುದನ್ನು ವಿಚಾರಿಸೋಣ.

ತನ್ನದೆನಿಸಿದ ವಸ್ತುವನ್ನು ಬಿಟ್ಟುಕೊಡಲು ಮನುಷ್ಯನು ಹಿಂಜರಿಯುತ್ತಾನೆ. ಜ್ಯಾಕ್ ಕ್ನೆಟ್ಶ್ ಎಂಬ ಅರ್ಥಶಾಸ್ತ್ರಜ್ಞರು ೧೯೮೯ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ಚೆನ್ನಾಗಿ ತೋರಿಸುತ್ತದೆ. ಕೆಲವು ವಿದ್ಯಾರ್ಥಿಗಳಿಗೆ ಕಾಫಿ ಕುಡಿಯುವ ಬಟ್ಟಲನ್ನೂ ಬೇರೆ ಕೆಲವರಿಗೆ ಚಾಕೊಲೇಟನ್ನೂ ಕೊಟ್ಟು, ಬೇಕಾದರೆ ಅದಲುಬದಲು ಮಾಡಿಕೊಳ್ಳಬಹುದೆಂದು ಹೇಳಲಾಯಿತು. ಎರಡು ಗುಂಪುಗಳಲ್ಲಿಯೂ ನೂರಕ್ಕೆ ಸುಮಾರು ೯೦ ಮಂದಿ ಕೈಗೆ ಬಂದುದನ್ನೇ ಇಟ್ಟುಕೊಂಡರು. ಮೊದಲೇ ಏನನ್ನೂ ಕೊಡದೆ ಆಯ್ಕೆಗೆ ಬಿಟ್ಟ ಮೂರನೆಯ ಗುಂಪಿನಲ್ಲಾದರೋ ಬಟ್ಟಲನ್ನು ಬಯಸಿದವರು ನೂರಕ್ಕೆ ೫೬ ಮಂದಿ ಮಾತ್ರ. ಕ್ಷಣಕಾಲದ ಒಡೆತನವೇ ಇಷ್ಟು ಬಲವಾದರೆ, ಮೂರು ತಲೆಮಾರಿನ ಒಡೆತನದ ಮಾತೇನು?

ಆದರೆ ಕೊಡುವ ಮುಂಚಿನ ಹಿಂಜರಿಕೆಯನ್ನು ಇದು ವಿವರಿಸುತ್ತದೆಯೇ ಹೊರತು, ಕೊಟ್ಟು ಬಹುಕಾಲದ ಮೇಲೆ ಏಳುವ ವ್ಯಥೆಯನ್ನಲ್ಲ. ಅದಕ್ಕಾಗಿ ನಾವು ನೆನಪಿನ ಸ್ವರೂಪವನ್ನು ನೋಡಬೇಕು. ಅನುಭವವೊಂದು ಮನಸ್ಸಿನಲ್ಲಿ ನೆಲೆಗೊಂಡಾಗ ಅದರೊಡನೆ ಬೆರೆತಿದ್ದ ಸುಳಿವು ಮರಳಿ ದೊರೆತರೆ ಆ ನೆನಪು ಸುಲಭವಾಗಿ ಮೇಲೇಳುತ್ತದೆ. ಈ ತತ್ತ್ವವನ್ನು ೧೯೭೩ರಲ್ಲಿ ಎಂಡೆಲ್ ಟಲ್ವಿಂಗ್ ಮತ್ತು ಡೊನಾಲ್ಡ್ ಥಾಮ್ಸನ್ ಎಂಬ ಮನೋವಿಜ್ಞಾನಿಗಳು ಪ್ರತಿಪಾದಿಸಿದರು. ಸ್ವಂತ ಊರಿನಲ್ಲಿರುವ ತನಕ ಬೀದಿ, ಜಗಲಿ, ನೆಂಟರ ದನಿ ಎಲ್ಲವೂ ಇಂಥ ಸುಳಿವುಗಳೇ. ಒರಳುಕಲ್ಲೊಂದು ಹೋದರೂ ಅಜ್ಜಿಯನ್ನು ನೆನಪಿಸುವ ಅಡಿಗೆಮನೆ ಉಳಿದಿರುತ್ತದೆ. ಆದುದರಿಂದಲೇ ಕೊಡುವಾಗ ನಷ್ಟ ಅಲ್ಪವೆಂದು ತೋರುತ್ತದೆ. ಕಡಲಾಚೆ ಹೋದೊಡನೆ ಇವೆಲ್ಲವೂ ಏಕಕಾಲಕ್ಕೆ ತಪ್ಪುತ್ತವೆ. ಇದ್ದಿದ್ದರೆ ಒದಗಬಹುದಾಗಿದ್ದ ಆ ಒಂದು ವಸ್ತುವಿನ ಬೆಲೆ ಆಗ ನೂರ್ಮಡಿಯಾಗಿ ಕಾಣುವುದು ಸಹಜವೆಂದು ನಾವು ಭಾವಿಸುತ್ತೇವೆ.

ಹಾಗಾದರೆ ಹೊರಡುವವರು ಮಾಡಬೇಕಾದುದೇನು? ಅಮೆರಿಕದ ವಿದ್ಯಾರ್ಥಿನಿಲಯಗಳಲ್ಲಿ ನಡೆದು ೨೦೧೭ರಲ್ಲಿ ಪ್ರಕಟವಾದ ಅಧ್ಯಯನವೊಂದರಂತೆ, ಪ್ರಿಯವಾದ ವಸ್ತುಗಳ ಛಾಯಾಚಿತ್ರ ತೆಗೆದಿಟ್ಟುಕೊಳ್ಳಿರೆಂಬ ಸಲಹೆ ಪಡೆದವರು ಹೆಚ್ಚು ವಸ್ತುಗಳನ್ನು ದಾನಮಾಡಿದರು. ಚಿತ್ರವೂ ಒಂದು ಸುಳಿವೇ ಸರಿ. ಆದರೆ ಅಜ್ಜಿಯ ಸೀರೆಯ ವಾಸನೆಯನ್ನು ಅದು ಹಿಡಿದಿಡಲಾರದು. ನೋಟ, ಶ್ರವಣಗಳ ಸಂವೇದನೆಗಳು ಮಿದುಳಿನ ಥಲಾಮಸ್ ಎಂಬ ಭಾಗವನ್ನು ಹಾದು ಮುಂದೆ ಸಾಗುತ್ತವೆ. ವಾಸನೆಯದಾದರೋ ಆ ಬಳಸುದಾರಿ ಹಿಡಿಯದೆ ಭಾವನೆ, ನೆನಪುಗಳ ಕೇಂದ್ರಗಳ ಸಮೀಪಕ್ಕೆ ನೇರವಾಗಿ ತಲಪಬಲ್ಲುದು.

ಆದಕಾರಣ ಪೆಟ್ಟಿಗೆ ತುಂಬುವಾಗ, ‘ಇದನ್ನು ಅಲ್ಲಿಯೂ ಕೊಳ್ಳಬಹುದೇ?’ ಎಂದು ಕೇಳಿಕೊಂಡರೆ ಸಾಲದು. ‘ಇದು ಹೋದರೆ ಯಾರನ್ನು ನೆನಪಿಸುವ ಸುಳಿವು ಹೋಗುತ್ತದೆ?’ ಎಂದೂ ಕೇಳಿಕೊಳ್ಳಬೇಕು. ಒರಳುಕಲ್ಲನ್ನು ಅದರ ಕಥೆ ಬಲ್ಲ ಬಂಧುಗಳಲ್ಲಿ ಬಿಡಬಹುದು. ಊರಿಗೆ ಬಂದಾಗ ಕಾಣಲು ಅದು ಅಲ್ಲಿರುತ್ತದೆ. ಅದೇ ಅಜ್ಜಿಯ ಅಡಕೆಕತ್ತರಿಗೆ ಪೆಟ್ಟಿಗೆಯ ಮೂಲೆಯೊಂದು ಸಾಕು.