ಅಮ್ಮನ 140 ನಿಮಿಷ: ಮನೆಯೂ ಒಂದು ಪ್ರಾಜೆಕ್ಟೇ

ಅಮೃತಾಪುರ ಅಂತ ಗೂಗಲ್ ಮಾಡಿದ್ರೆ ಮೊದಲು ಬರೋದು ಅಮೃತೇಶ್ವರ ದೇವಸ್ಥಾನ. 1196ರಲ್ಲಿ, ಹೊಯ್ಸಳ ವೀರಬಲ್ಲಾಳನ ಕಾಲದಲ್ಲಿ ಕಟ್ಟಿದ್ದು. ತರೀಕೆರೆಯಿಂದ ಸುಮಾರು 10 ಕಿ.ಮೀ. ದೂರ. ಸುತ್ತ ಎಲ್ಲಿ ನೋಡಿದ್ರೂ ಅಡಿಕೆ, ತೆಂಗು. ನೋಡೋಕೆ ಬಂದವರು ಫೋಟೋ ತೆಗೆದುಕೊಂಡು, 'ಎಷ್ಟು ಪ್ರಶಾಂತವಾದ ಊರು' ಅಂದುಕೊಂಡು ಹೋಗ್ತಾರೆ. ಬೆಳಿಗ್ಗೆ 5:30ರಿಂದ 7:30ರವರೆಗೆ ಇಲ್ಲಿನ ಯಾವುದಾದರೂ ಮನೆಯೊಳಗೆ ನಿಂತು ನೋಡಿದ್ರೆ ಆ ಮಾತು ಹೇಳೋಕಾಗಲ್ಲ.

ನಮ್ಮ ಮನೆಯನ್ನೇ ತಗೊಳ್ಳೋಣ. ಅಜ್ಜಿ, ಅಪ್ಪ, ಅಮ್ಮ, ನಾವು ಮೂರು ಜನ ಮಕ್ಕಳು. ಒಬ್ಬರು ಇಂಜಿನಿಯರಿಂಗ್, ತಂಗಿ ಎಸ್ಸೆಸ್ಸೆಲ್ಸಿ, ತಮ್ಮ ಏಳನೇ ಕ್ಲಾಸು. ಅಪ್ಪನಿಗೆ ತೋಟ. ಅಮ್ಮನಿಗೆ ಮನೆ, ಎರಡು ಹಸು, ಜೊತೆಗೆ ತರೀಕೆರೆಯಲ್ಲಿ ಟೈಲರಿಂಗ್ ಕೆಲಸ. ಮಕ್ಕಳ ಬಸ್ಸು 7:30ಕ್ಕೆ. ಬಚ್ಚಲು ಒಂದೇ.

ಕ್ಲಾಸಲ್ಲಿ ಕ್ರಿಟಿಕಲ್ ಪಾತ್ ಮೆಥಡ್ ಅಂತ ಕೇಳಿರ್ತೀವಿ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ಕೆಲಸಗಳಿಗಾಗಿ ಕೆಲ್ಲಿ ಮತ್ತು ವಾಕರ್ ಅನ್ನೋ ಇಬ್ಬರು ರೂಪಿಸಿದ ವಿಧಾನ ಇದು. ವಿಷಯ ಸರಳ. ಎಲ್ಲಾ ಕೆಲಸ ಪಟ್ಟಿ ಮಾಡಿ, ಯಾವುದು ಮುಗಿದ ಮೇಲೆ ಯಾವುದು ಶುರುವಾಗಬೇಕು ಅಂತ ಸರಪಳಿ ಹಾಕಿ, ಅತಿ ಉದ್ದದ ಸರಪಳಿ ಹುಡುಕಬೇಕು. ಇಡೀ ಪ್ರಾಜೆಕ್ಟ್ ಅದಕ್ಕಿಂತ ಬೇಗ ಮುಗಿಯಲ್ಲ.

ನಮ್ಮ ಮನೆಯ ಬೆಳಗಿನಲ್ಲಿ ಮೂರು ಸರಪಳಿ ಸಿಕ್ಕವು.

ಬಚ್ಚಲು: ಒಲೆಗೆ ಸೋಗೆ, ತೆಂಗಿನ ಗರಿ ಹಾಕಿ ನೀರು ಕಾಯಿಸೋದು 30 ನಿಮಿಷ, ನಾಲ್ಕು ಜನರ ಸ್ನಾನ ತಲಾ 10. ಒಟ್ಟು 70.

ಕೊಟ್ಟಿಗೆ: ಸಗಣಿ ಬಾಚಿ ತೊಳೆಯೋದು 30, ಹಾಲು ಕರೆಯೋದು 20, ಡೈರಿಗೆ ಹಾಕಿ ಬರೋದು 15. ಒಟ್ಟು 65.

ಅಡುಗೆಮನೆ: ಕಾಫಿ, ತಿಂಡಿ, ಮಧ್ಯಾಹ್ನದ ಡಬ್ಬಿ. ಒಟ್ಟು 75.

ಮೂರೂ ಒಟ್ಟಿಗೆ ನಡೆಯಬಹುದು. ಅಂದ್ರೆ ಪೇಪರ್ ಮೇಲೆ 75 ನಿಮಿಷ ಸಾಕು, 6:15ಕ್ಕೆ ಎದ್ದರೂ ಬಸ್ಸು ಸಿಗುತ್ತೆ. ಆದರೆ ಅಮ್ಮ ಏಳ್ತಿದ್ದದ್ದು 5:10ಕ್ಕೆ. ಯಾಕೆ? ಕೊಟ್ಟಿಗೆ ಮತ್ತು ಅಡುಗೆಮನೆ ಎರಡು ಬೇರೆ ಸರಪಳಿ ನಿಜ, ಆದರೆ ಎರಡನ್ನೂ ಎಳೆಯೋ ಕೈ ಒಂದೇ. 65 ಕೂಡಿಸು 75, 140 ನಿಮಿಷ. ನಾವು 'ಬಚ್ಚಲಲ್ಲಿ ಲೇಟು ಮಾಡಬೇಡ' ಅಂತ ದಿನಾ ಜಗಳ ಆಡ್ತಿದ್ದರೂ, ಸ್ನಾನ ಬೇಗ ಮುಗಿಸಿದ್ರೆ ಅಮ್ಮನಿಗೆ ಒಂದು ನಿಮಿಷವೂ ಉಳಿಯಲ್ಲ. ಅಡಚಣೆ ಇರೋದು ಅಲ್ಲಲ್ಲ.

ಪರಿಹಾರಕ್ಕೆ ಹೊಸ ಮಷೀನು ಬೇಕಾಗಲಿಲ್ಲ. ಕೊಟ್ಟಿಗೆ ತೊಳೆಯೋದು ಅಪ್ಪನಿಗೆ, ಡೈರಿ ತಮ್ಮನಿಗೆ, ಬಚ್ಚಲ ಒಲೆ ಇಂಜಿನಿಯರಿಂಗ್‌ನವರಿಗೆ. ಹಸು ಅಮ್ಮನ ಕೈಗೆ ಮಾತ್ರ ಹಾಲು ಕೊಡುತ್ತೆ, ಅದನ್ನ ಬದಲಾಯಿಸೋಕಾಗಲ್ಲ. ಈಗ ಅಮ್ಮನ ಪಾಲಿಗೆ 20 ಕೂಡಿಸು 75, ಅಂದ್ರೆ 95 ನಿಮಿಷ. ಲೆಕ್ಕದ ಪ್ರಕಾರ 5:55ಕ್ಕೆ ಎದ್ದರೆ ಸಾಕು. ಆದರೆ ಗ್ಯಾಸ್ ಖಾಲಿ, ಕರೆಂಟ್ ಇಲ್ಲ, ಯೂನಿಫಾರಂ ಗುಂಡಿ ಕಿತ್ತುಹೋಯ್ತು ಅನ್ನೋದೆಲ್ಲ ಇದ್ದೇ ಇರುತ್ತೆ. ಅದಕ್ಕೆ 10 ನಿಮಿಷ ಬಫರ್. 5:45. ಬಫರ್ ಇಲ್ಲದ ಟೈಮ್‌ಟೇಬಲ್ ಮೂರನೇ ದಿನಕ್ಕೇ ಹರಿದುಹೋಗುತ್ತೆ. ಉಳಿದದ್ದು 35 ನಿಮಿಷದ ನಿದ್ದೆ. ವಾರಕ್ಕೆ ಆರು ದಿನ ಅಂದ್ರೆ ಮೂರೂವರೆ ಗಂಟೆ.

ಇದು ನಮ್ಮ ಮನೆಯ ಕಥೆ ಮಾತ್ರ ಅಲ್ಲ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಕೊಡ್ತಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ ಟಿಕೆಟ್ ಖರ್ಚು ಉಳಿಯಿತು. ಕೆಲಸಕ್ಕೆ ಹೋಗಿಬರೋದು ಸುಲಭ ಆಯ್ತು. ಆದರೆ ಮನೆಯೊಳಗಿನ ನಿಮಿಷಗಳನ್ನ ಯಾವ ಯೋಜನೆಯೂ ಹಂಚಿಕೊಡಲ್ಲ, ಅದನ್ನ ಮನೆಯವರೇ ಹಂಚಿಕೊಳ್ಳಬೇಕು.

ಇನ್ನು ನಿಜವಾದ ಪರೀಕ್ಷೆ ಅಡಿಕೆ ಕೊಯ್ಲು. ಹೆಚ್ಚುಕಮ್ಮಿ ಸೆಪ್ಟೆಂಬರ್‌ನಿಂದ ಡಿಸೆಂಬರ್, ಅಂದ್ರೆ ನಮ್ಮ ಇಂಟರ್ನಲ್ಸು, ತಂಗಿಯ ಅರ್ಧವಾರ್ಷಿಕ ಪರೀಕ್ಷೆ ಎಲ್ಲಾ ಆವಾಗಲೇ. ಕೆಂಪಡಿಕೆ ಮಾಡೋಕೆ ಹಸಿ ಅಡಿಕೆಯನ್ನ ಕೊಯ್ದ ಕೂಡಲೇ ಸುಲಿದು, ಚೊಗರಲ್ಲಿ ಬೇಯಿಸಿ, ಬಿಸಿಲಿಗೆ ಹರವಬೇಕು. ಇಟ್ಟರೆ ಬಣ್ಣ ಕೆಡುತ್ತೆ, ಬಣ್ಣ ಕೆಟ್ಟರೆ ರೇಟು ಬೀಳುತ್ತೆ. ಅಸೈನ್‌ಮೆಂಟ್ ಥರ 'ನಾಳೆ ಸಬ್ಮಿಟ್ ಮಾಡ್ತೀವಿ' ಅನ್ನೋಕಾಗಲ್ಲ. ಹಾಗಾಗಿ ರಾತ್ರಿ ಮೆಟ್ಟುಗತ್ತಿ ಮುಂದೆ ಯಾರು ಕೂರ್ತಾರೆ ಅನ್ನೋದೇ ಯಾರು ಓದಲ್ಲ ಅನ್ನೋದನ್ನೂ ತೀರ್ಮಾನ ಮಾಡುತ್ತೆ.

ಇಲ್ಲಿ ದಾರಿ ಮೂರು. ಫಸಲನ್ನ ಚೇಣಿಗೆ ಕೊಡೋದು: ಕೊಯ್ಲು, ಸುಲಿತ, ಬೇಯಿಸೋದು ಎಲ್ಲಾ ಚೇಣಿದಾರರದ್ದು, ಆದರೆ ಕೈಗೆ ಬರೋ ದುಡ್ಡು ಕಮ್ಮಿ. ಸುಲಿಯೋ ಮಷೀನಿಗೆ ಹಾಕಿಸೋದು: ಬಾಡಿಗೆ ಕೊಡಬೇಕು, ಸರದಿ ಕಾಯಬೇಕು. ಮುಯ್ಯಾಳು: ಇವತ್ತು ಅವರು ನಮ್ಮನೆಗೆ, ನಾಳೆ ನಾವು ಅವರ ಮನೆಗೆ. ದುಡ್ಡಿನ ಖರ್ಚಿಲ್ಲ, ಆದರೆ ಸಮಯದ ಸಾಲ. ನಾವು ಗೋಡೆ ಕ್ಯಾಲೆಂಡರ್‌ನಲ್ಲಿ ಮೊದಲು ಪರೀಕ್ಷೆಯ ದಿನಗಳಿಗೆ ಕೆಂಪು ಸುತ್ತು ಹಾಕ್ತೀವಿ, ಆಮೇಲೆ ಗೊನೆ ಇಳಿಸೋರಿಗೆ ದಿನ ಹೇಳ್ತೀವಿ. ಸುತ್ತು ಹಾಕಿದ ವಾರದಲ್ಲಿ ಕೊಯ್ಲು ಬಂದೇಬಿಟ್ಟರೆ ಆ ಒಂದು ಸಲಕ್ಕೆ ಮಷೀನು. ತಂಗಿ ಎಸ್ಸೆಸ್ಸೆಲ್ಸಿ ಆದ್ದರಿಂದ ಈ ವರ್ಷ ಸಂಜೆ 7ರಿಂದ 10 ಅವಳನ್ನ ಯಾರೂ ಕರೆಯೋ ಹಾಗಿಲ್ಲ. 'ಹೆಣ್ಣುಮಗು ಸ್ವಲ್ಪ ಕೈ ಹಾಕ್ಲಿ' ಅಂತ ಅಜ್ಜಿ ಅಂದರೂ ಅಷ್ಟೇ.

ಕೊನೆಯದಾಗಿ, ಪಟ್ಟಿಯಲ್ಲಿ ಕಾಣದ ಒಂದು ಕೆಲಸ ಇದೆ: ನೆನಪಿಟ್ಟುಕೊಳ್ಳೋದು. ಗ್ಯಾಸ್ ಬುಕ್ ಮಾಡಬೇಕು, ಅಜ್ಜಿಯ ಬಿಪಿ ಮಾತ್ರೆ ಎಷ್ಟು ದಿನಕ್ಕಿದೆ, ಸ್ವಸಹಾಯ ಸಂಘದ ಕಂತು ಯಾವತ್ತು, ಹಸುವಿಗೆ ಲಸಿಕೆ ಯಾವಾಗ. ಸಾಮಾನ್ಯವಾಗಿ ಇಡೀ ಡೇಟಾಬೇಸ್ ಅಮ್ಮನ ತಲೆಯಲ್ಲಿ, ಬ್ಯಾಕಪ್ ಇಲ್ಲ. ಅವರಿಗೆ ಎರಡು ದಿನ ಜ್ವರ ಬಂದರೆ ಇಡೀ ಸಿಸ್ಟಮ್ ಡೌನ್. ಅದಕ್ಕೇ ನಮ್ಮಲ್ಲಿ ಒಂದು ನೋಟ್‌ಬುಕ್ ಫ್ರಿಜ್ ಮೇಲೆ ಇರುತ್ತೆ. ಅಜ್ಜಿಗೂ ಓದೋಕಾಗೋ ಹಾಗೆ ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ. ಆ್ಯಪ್ ಬೇಡ.

ಹಾಸ್ಟೆಲ್‌ನಲ್ಲಿ ಇರೋರು 'ನಾವು ಮನೆಯಲ್ಲೇ ಇಲ್ವಲ್ಲ' ಅನ್ನಬಹುದು. ಸಗಣಿ ಬಾಚೋಕೆ ಅಲ್ಲೇ ಇರಬೇಕು ನಿಜ. ಆದರೆ ನೆನಪಿಡೋ ಕೆಲಸ ಪೂರ್ತಿ ಫೋನಲ್ಲೇ ಆಗುತ್ತೆ. ಕರೆಂಟ್ ಬಿಲ್, ಗ್ಯಾಸ್, ಮಾತ್ರೆ, ತಮ್ಮನ ಸ್ಕಾಲರ್‌ಶಿಪ್ ಅರ್ಜಿ, ಈ ನಾಲ್ಕನ್ನ ನೀವು ವಹಿಸಿಕೊಂಡರೆ ಮನೆಯಲ್ಲಿ ಒಬ್ಬರ ತಲೆ ಹಗುರಾಗುತ್ತೆ. ಇವತ್ತು ರಾತ್ರಿ ಮನೆಗೆ ಫೋನ್ ಮಾಡಿದಾಗ 'ಊಟ ಆಯ್ತಾ' ಅಂತ ಕೇಳಿದ ಮೇಲೆ, 'ಈ ತಿಂಗಳು ಏನೇನು ಕಟ್ಟಬೇಕು, ನಾನು ಬರ್ಕೊಳ್ತೀನಿ ಹೇಳಿ' ಅಂತ ಕೇಳಿ. ಪಟ್ಟಿ ಅಲ್ಲಿಂದಲೇ ಶುರುವಾಗುತ್ತೆ.